ಉಪ್ಪು ಮುಟ್ಟಬಾರದ ಸೇಸಮ್ಮ

ನನ್ನ ಅಮ್ಮ ಸೇಸಮ್ಮನಿಗೆ ಒಂಬತ್ತು ವರ್ಷ ಉಪ್ಪು ಬಡಿಸಲು ಯಾರೂ ಬಿಡಲಿಲ್ಲ. ನಮ್ಮ ಕಡೆ ಊಟದ ಎಲೆಗೆ ಮೊದಲು ಬೀಳುವುದು ಉಪ್ಪು. ಮದುವೆಯಿರಲಿ, ಬಯಕೆಯ ಊಟವಿರಲಿ, ಅಮ್ಮ ಅನ್ನದ ಬುಟ್ಟಿ ಹಿಡಿಯಬಹುದು, ಸಾರು ಬಡಿಸಬಹುದು, ಎಂಜಲೆಲೆ ತೆಗೆಯಲಂತೂ ಧಾರಾಳವಾಗಿ ಕರೆಯುತ್ತಿದ್ದರು. ಉಪ್ಪಿನ ತಟ್ಟೆ ಮಾತ್ರ ಅವಳ ಕೈಗೆ ಸಿಗದ ಹಾಗೆ ಯಾರಾದರೂ ಮೊದಲೇ ಎತ್ತಿಕೊಳ್ಳುತ್ತಿದ್ದರು. ಬೇರೆ ಹೆಂಗಸಾಗಿದ್ದರೆ ಮೂಲೆ ಹಿಡಿದು ಅಳುತ್ತಿದ್ದಳೇನೋ. ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಪಂಕ್ತಿಯ ನಡುವೆ ನಿಂತು, "ಉಪ್ಪು ಯಾರು ಬಡಿಸುವುದು? ಜನ ಇಲ್ಲದಿದ್ದರೆ ನಾನುಂಟು" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳುತ್ತಿದ್ದಳು. ಕೂತವರು ತಲೆ ತಗ್ಗಿಸುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಈಗ ಆ ನಾಚಿಕೆಯನ್ನು ನೆನೆಸಿಕೊಂಡರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಅಪವಾದ ಬಂದದ್ದು ನನ್ನ ಅಕ್ಕ ರಾಜೀವಿಯಿಂದ. ೧೯೫೪ರಲ್ಲಿ ಚೊಚ್ಚಲ ಹೆರಿಗೆಗೆಂದು ಅವಳು ವಾಮದಪದವಿನ ಹತ್ತಿರದ ನಮ್ಮ ಮನೆಗೆ ಬಂದಿದ್ದಳು. ನಮ್ಮದು ಅಳಿಯಕಟ್ಟಿನ ಮನೆ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವುದು. ಯಜಮಾನಿಕೆ ಅಮ್ಮನ ಅಣ್ಣ ನೋಣಯ್ಯ ಮಾವನದು. ಗಂಡಂದಿರು ಬಂದರೆ ಚಾವಡಿಯಲ್ಲಿ ಕೂತು ಎಲೆಯಡಿಕೆ ತಿಂದು ಹೋಗುವ ನೆಂಟರು. ಒಂಬತ್ತನೆಯ ತಿಂಗಳಲ್ಲಿ ಅಕ್ಕನಿಗೆ ವಾಂತಿ ಹಿಡಿಯಿತು. ಎಷ್ಟು ನೀರು ಕುಡಿದರೂ ಬಾಯಾರಿಕೆ. ಮೂರನೆಯ ದಿನ ಕಣ್ಣು ಹಳದಿಯಾಯಿತು. ಕಾಮಾಲೆ ಎಂದು ಮಾವ ನಾಟಿ ಮದ್ದಿನ ಡೊಂಬಯ್ಯನಿಗೆ ಹೇಳಿ ಕಳಿಸಿದರು.

ಡೊಂಬಯ್ಯನನ್ನು ನಾನು ಬೈಯುವುದಿಲ್ಲ. ಕಾಮಾಲೆಗೆ ಅವನ ಬೇರಿನ ಮದ್ದು ಕುಡಿದು ಎದ್ದವರು ನಮ್ಮ ಸುತ್ತಿನಲ್ಲಿ ಎಷ್ಟೋ ಜನ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಅವನ ಪಥ್ಯವೆಂದರೆ ಕಲ್ಲಿನಲ್ಲಿ ಕೆತ್ತಿದ್ದು. ಇಪ್ಪತ್ತೊಂದು ದಿನ ಉಪ್ಪಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ. ಮೊದಲ ಮೂರು ದಿನ ಗಂಜಿಯ ತಿಳಿ ಮಾತ್ರ. ನಡುವೆ ಇಂಗ್ಲಿಷ್ ಮದ್ದು ಸೇರಿದರೆ ಬೇರಿನ ಮದ್ದು ವಿಷವಾಗುತ್ತದೆ ಎಂದು ಅವನು ನಂಬಿದ್ದ, ನಾವೂ ನಂಬಿದ್ದೆವು. ಹಳದಿ ಕಣ್ಣು ಕಂಡರೆ ಅವನಿಗೆ ಎಲ್ಲವೂ ಒಂದೇ ರೋಗ. ತಪ್ಪಿದ್ದು ಅಲ್ಲಿ.

ಪಥ್ಯದ ಎರಡನೆಯ ದಿನ ಅಕ್ಕ ಅರೆನಿದ್ದೆಯಲ್ಲಿ ಅಮ್ಮನ ಸೆರಗು ಹಿಡಿದು, "ಒಂದು ಹರಳು ಉಪ್ಪು ಹಾಕಿ ಗಂಜಿ ಕೊಡಮ್ಮ" ಎಂದಳು. ಅಮ್ಮ ಕೊಟ್ಟಳು. ಅದನ್ನು ಮಾವನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದರು. ಮರುದಿನ ಮಗು ಸತ್ತು ಹುಟ್ಟಿತು, ಸಂಜೆಗೆ ಅಕ್ಕನೂ ಹೋದಳು. ಡೊಂಬಯ್ಯ ಬಂದು, "ಪಥ್ಯ ಮುರಿದಿದ್ದೀರಿ" ಎಂದ. ಅಷ್ಟು ಸಾಕಾಯಿತು. ಅಂದಿನಿಂದ ಅಮ್ಮ ಉಪ್ಪು ಕೊಟ್ಟು ಮಗಳನ್ನು ಕೊಂದವಳಾದಳು. ಬಾಯಲ್ಲಿ ಎಷ್ಟು ಜೋರು ಮಾಡಿದರೂ ಒಳಗೊಳಗೆ ಅವಳೂ ಅದನ್ನು ನಂಬಿದ್ದಳು. ನನಗೆ ಗೊತ್ತು, ತನ್ನ ಗಂಜಿಗೆ ಅವಳು ಉಪ್ಪು ಹಾಕಿಕೊಳ್ಳುವುದನ್ನು ಬಿಟ್ಟಿದ್ದಳು.

೧೯೬೩ರ ಸುಗ್ಗಿಯಲ್ಲಿ ಅದೇ ಕೋಣೆಯಲ್ಲಿ, ಅದೇ ಒಂಬತ್ತನೆಯ ತಿಂಗಳಲ್ಲಿ, ನಾನು ಮಲಗಿದ್ದೆ. ನನ್ನ ಹೆಸರು ಲೋಲಾಕ್ಷಿ. ಆಗ ಇಪ್ಪತ್ತೆರಡು ವರ್ಷ. ಗಂಡ ಧರ್ಣಪ್ಪ ದೂರದ ನೆರಿಯದಲ್ಲಿ ತಮ್ಮ ತಾಯಿಮನೆಯ ಬೇಸಾಯ ನೋಡಿಕೊಂಡಿದ್ದರು. ಮೊದಲು ವಾಂತಿ. ಬಲಪಕ್ಕೆಯ ಕೆಳಗೆ ಹಿಂಡಿದಂತಹ ನೋವು. ಆಮೇಲೆ ಬಾಯಾರಿಕೆ. ಕೊಡ ತಂದಿಟ್ಟರೂ ಸಾಲದು. ಬೆಳಿಗ್ಗೆ ಅಮ್ಮ ನನ್ನ ಕೆಳರೆಪ್ಪೆ ಎಳೆದು ನೋಡಿದಳು, ಹಳದಿಯಾಗಿತ್ತು, ನೇರ ಚಾವಡಿಗೆ ಹೋದಳು.

ಮಾವ ಆಗಲೇ ಡೊಂಬಯ್ಯನಿಗೆ ಹೇಳಿ ಕಳಿಸಿದ್ದರು. ಅಡುಗೆಮನೆಗೆ ಅಮ್ಮ ಕಾಲಿಡಬಾರದು ಎಂದೂ ಅಪ್ಪಣೆಯಾಗಿತ್ತು.

"ಅಣ್ಣ, ಇದು ಕಾಮಾಲೆ ಅಲ್ಲ" ಎಂದಳು ಅಮ್ಮ. "ಕಾಮಾಲೆಯವರು ವಾರಗಟ್ಟಲೆ ಹಳದಿಯಾಗಿ ಓಡಾಡ್ತಾರೆ. ರಾಜೀವಿ ನಾಲ್ಕೈದು ದಿನದಲ್ಲಿ ಹೋದಳು. ಇವಳೂ ಈಗಲೇ ತೂಕಡಿಸ್ತಾಳೆ. ಮೂಡಬಿದಿರೆಗೆ ಕರ್ಕೊಂಡು ಹೋಗುವ. ಅಲ್ಲಿ ಹೆರಿಗೆಯ ಡಾಕ್ಟರಮ್ಮ ಉಂಟು."

"ಒಬ್ಬಳನ್ನು ಕಳೆದದ್ದು ಸಾಕಾಗಲಿಲ್ವಾ ನಿನಗೆ?" ಎಂದರು ಮಾವ. "ಮದ್ದು ಈಗ ಬರ್ತದೆ. ಇಪ್ಪತ್ತೊಂದು ದಿನ ಬಾಯಿ ಮುಚ್ಚಿಕೊಂಡು ಕೂತುಕೋ. ಇವಳನ್ನು ಈ ಮನೆಯಿಂದ ಯಾರೂ ಹೊರುವುದಿಲ್ಲ."

ಆ ಮಾತು ಬೆದರಿಕೆಯಲ್ಲ, ನಿಜ. ಮನೆಯಿಂದ ರಸ್ತೆಗೆ ಒಂದು ಮೈಲಿ ಗುಡ್ಡದ ದಾರಿ. ರೋಗಿಯನ್ನು ಬಿದಿರಿಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಹಾಕಿ ಹೊರುವುದು ಗಂಡಸರ ಕೆಲಸ, ಯಜಮಾನರ ಮಾತು ಮೀರಿ ಬಿದಿರಿಗೆ ಹೆಗಲು ಕೊಡುವ ಗಂಡಸು ನಮ್ಮ ಕಡೆ ಆಗ ಹುಟ್ಟಿರಲಿಲ್ಲ. ಅಮ್ಮ ಇಬ್ಬರನ್ನು ಕೇಳಿದಳಂತೆ. ಒಬ್ಬನಿಗೆ ಸೊಂಟನೋವು ಬಂತು, ಇನ್ನೊಬ್ಬನಿಗೆ ಎತ್ತು ಹುಡುಕಲಿಕ್ಕಿತ್ತು. ಆಮೇಲೆ ಅವಳು ಗಂಡಸರನ್ನು ಕೇಳುವುದನ್ನೇ ಬಿಟ್ಟಳು.

ಬೇಲಿಯಾಚೆಯ ಜಗಲಿಯಲ್ಲಿ ನೀಲಾವತಿ ಮತ್ತು ಐಸಮ್ಮ ಬೀಡಿ ಕಟ್ಟುತ್ತಿದ್ದರು. ಇಬ್ಬರೂ ನಮ್ಮ ನೆರೆಯವರು, ಗುಡ್ಡದಿಂದ ಸೊಪ್ಪಿನ ಹೊರೆ ತರುವುದರಲ್ಲಿ ಅಮ್ಮನ ಜೊತೆಗಾರರು. ಅಮ್ಮ ಹೋಗಿ, "ಲೋಲಾಕ್ಷಿಯನ್ನು ಹೊರಬೇಕು. ಬರ್ತೀರಾ?" ಎಂದಳು. ನೀಲಾವತಿ ಮಡಿಲಿನ ಬೀಡಿಯೆಲೆ ಕೊಡವಿ ಎದ್ದಳು. ಐಸಮ್ಮ ಮಾತ್ರ ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ ಮುಗಿಸಿಯೇ ಎದ್ದರಂತೆ. ಅರ್ಧ ಕಟ್ಟಿದ ಬೀಡಿ ಹಾಳಲ್ಲವಾ ಎಂದು ಈಗಲೂ ವಾದಿಸುತ್ತಾರೆ.

ಹೊರಡುವಾಗ ಮಾವ ಮೆಟ್ಟಿಲಿಗೆ ಅಡ್ಡ ನಿಂತರು. "ಹೆಂಗಸರು ಹೊತ್ತುಕೊಂಡು ಹೋಗುವುದು ಎಲ್ಲಿಯಾದರೂ ಉಂಟಾ? ಊರು ಏನು ಹೇಳೀತು?"

"ಊರು ಒಂಬತ್ತು ವರ್ಷದಿಂದ ಹೇಳ್ತಾ ಉಂಟು. ಇನ್ನೊಂದು ಹೇಳಲಿ" ಎಂದಳು ಅಮ್ಮ. "ಅಣ್ಣ, ನೀವು ನನಗಿಂತ ದೊಡ್ಡವರು, ನಿಮ್ಮನ್ನು ದೂಡುವುದಿಲ್ಲ. ಆದರೆ ನಾನು ನಿಲ್ಲುವುದೂ ಇಲ್ಲ. ನೀವೇ ಸರಿಯಬೇಕು."

ಮಾವ ಸರಿದರು. ಹೇಗೆ ಸರಿದರೋ ನನಗೆ ಗೊತ್ತಿಲ್ಲ. ನನಗೆ ನೆನಪಿರುವುದು ಮುಖದ ಮೇಲೆ ಹಳೆಯ ಸೀರೆಯ ಬಟ್ಟೆ, ಅದರಾಚೆ ಬಿಸಿಲು, ಮೂವರು ಹೆಂಗಸರ ಏದುಸಿರು. ಉಳಿದದ್ದನ್ನು ಐಸಮ್ಮ ನೂರು ಸಲ ಹೇಳಿದ್ದಾರೆ. ಹೇಳಿದ ಹಾಗೆಲ್ಲ ಗುಡ್ಡ ಎತ್ತರವಾಗುತ್ತದೆ, ನಾನು ದಪ್ಪವಾಗುತ್ತೇನೆ.

ವಾಮದಪದವಿಗೆ ಇದ್ದದ್ದು ಒಂದೇ ಬಾಡಿಗೆ ಕಾರು, ಐಸಮ್ಮನ ತಮ್ಮ ಮೂಸಾನದು. ಅವನು ತಲೆ ಕೆರೆದುಕೊಂಡ. "ನೋಣಯ್ಯನವರಿಗೆ ಗೊತ್ತುಂಟಾ ಅಕ್ಕ? ನಾಳೆ ನನಗೆ ಬೈದರೆ?"

"ನಾಳೆಯ ಬೈಗುಳಕ್ಕೆ ಇವತ್ತೇ ಹೆದರ್ತೀಯಾ ಮಾರಾಯ? ಕಾರು ತೆಗಿ. ಇಲ್ಲದಿದ್ದರೆ ಇದೇ ಬಿದಿರು ನಿನ್ನ ಬೆನ್ನಿಗೆ" ಎಂದರು ಐಸಮ್ಮ. ಮೂಸಾ ಕಾರು ತೆಗೆದ.

ಮೂಡಬಿದಿರೆಯ ಡಾಕ್ಟರಮ್ಮ ನನ್ನ ಕಣ್ಣು ನೋಡಿದರು, ಹೊಟ್ಟೆ ಮುಟ್ಟಿದರು, ಏನು ತಿಂದಿದ್ದಾಳೆ ಎಂದು ಕೇಳಿದರು. ನಿನ್ನೆಯಿಂದ ಏನೂ ಇಲ್ಲ ಎಂದಾಗ ಅವರ ಮುಖ ಗಂಭೀರವಾಯಿತಂತೆ. ಕೂಡಲೇ ಕೈಗೆ ಗ್ಲೂಕೋಸ್ ಏರಿಸಿದರು. ಆಮೇಲೆ ಅಮ್ಮನನ್ನು ಕೂರಿಸಿ ಹೇಳಿದರು: "ಇದು ಊರಿನ ಕಾಮಾಲೆಯಂತೆ ಕಾಣುವುದಿಲ್ಲ. ಬಸುರಿಯರಿಗೆ ಮಾತ್ರ ಕೊನೆಯ ತಿಂಗಳುಗಳಲ್ಲಿ ಬರುವ ಒಂದು ರೋಗ ಉಂಟು. ಲಿವರಿನಲ್ಲಿ ಕೊಬ್ಬು ತುಂಬಿ ಅದು ಕೆಲಸ ನಿಲ್ಲಿಸುತ್ತದೆ. ತೀರಾ ಅಪರೂಪ. ನಾನು ಪುಸ್ತಕದಲ್ಲಿ ಓದಿದ್ದೇನೆ, ಕಣ್ಣಲ್ಲಿ ಕಂಡಿರಲಿಲ್ಲ. ಅದೇ ಆಗಿದ್ದರೆ ಬೇರಿಗೂ ಮಾತ್ರೆಗೂ ಬಗ್ಗುವುದಿಲ್ಲ. ಹೆರಿಗೆ ಮಾಡಿಸಲೇಬೇಕು, ಇವತ್ತೇ. ಮಗು ಉಳಿಯುವುದು ಕಷ್ಟ. ತಾಯಿಯೂ ಉಳಿಯದೆ ಇರಬಹುದು."

"ಮಾಡಿ. ಮನೆಯಲ್ಲಿದ್ದರೆ ಇಬ್ಬರೂ ಖಂಡಿತ ಇಲ್ಲ" ಎಂದಳು ಅಮ್ಮ. ಆಮೇಲೆ ಕೇಳಿದಳು, "ಡಾಕ್ಟರಮ್ಮ, ಇದಕ್ಕೆ ಉಪ್ಪು ಕೊಟ್ಟರೆ ಸಾಯ್ತಾರಾ?"

"ಯಾರು ಹೇಳಿದ್ದು? ಒಂದು ಹರಳು ಉಪ್ಪಿನಿಂದ ಏನೂ ಆಗುವುದಿಲ್ಲ. ಉಪವಾಸ ಹಾಕುವುದೇ ದೊಡ್ಡ ತಪ್ಪು. ಇಂಥವರ ಮೈಯಲ್ಲಿ ಸಕ್ಕರೆ ಇಳಿದುಹೋಗುತ್ತದೆ."

ಅಮ್ಮನಿಗೆ ಹಗುರವಾಗಿರಬೇಕು ಎಂದು ನೀವು ಎಣಿಸಬಹುದು. ಇಲ್ಲ. ಅವಳು ಗೋಡೆಗೆ ತಲೆಯೊರಗಿಸಿ ಗಟ್ಟಿಯಾಗಿ ಅತ್ತಳು. ರಾಜೀವಿ ಸತ್ತಾಗಲೂ ಹಾಗೆ ಅತ್ತಿರಲಿಲ್ಲವಂತೆ. ಉಪ್ಪು ಕೊಟ್ಟ ತಪ್ಪನ್ನು ಹೊತ್ತುಕೊಂಡು ಹೇಗೋ ಬದುಕಿದ್ದವಳಿಗೆ, ಅಂದು ಹೀಗೆಯೇ ಹೊತ್ತುಕೊಂಡು ಬಂದಿದ್ದರೆ ಮಗಳು ಉಳಿಯುತ್ತಿದ್ದಳೋ ಏನೋ ಎಂಬುದು ಅದಕ್ಕಿಂತ ದೊಡ್ಡ ಏಟು.

ಮಗು ಉಳಿಯಲಿಲ್ಲ. ಗಂಡು ಮಗು. ನನಗೆ ರಕ್ತ ನಿಲ್ಲದೆ ಎರಡು ದಿನ ಜೀವ ಹೋಗುವುದೋ ಇರುವುದೋ ಎಂಬಂತಿತ್ತು. ಸುದ್ದಿ ತಿಳಿದು ಬಂದ ಧರ್ಣಪ್ಪ ತಮ್ಮ ರಕ್ತ ಕೊಟ್ಟರು. ಐದನೆಯ ದಿನ ಕಣ್ಣು ತೆರೆದು ನಾನು ಮೊದಲು "ಹಸಿವು" ಎಂದೆನಂತೆ. ಅಮ್ಮ ಆ ಮಾತನ್ನು ವಾರ್ಡಿನ ಎಲ್ಲರಿಗೂ ಹೋಗಿ ಹೇಳಿ ಬಂದಳು.

ಮನೆಗೆ ಮರಳಿದಾಗ ಮಾವ ಚಾವಡಿಯಲ್ಲೇ ಇದ್ದರು. "ಮಗು ಹೋಯಿತಲ್ಲ ಸೇಸು" ಎಂದರು.

"ಹೋಯಿತು. ಆ ಸಂಕಟ ನನಗುಂಟು" ಎಂದಳು ಅಮ್ಮ. "ಆದರೆ ಒಂದು ಕೇಳಿ ಅಣ್ಣ. ರಾಜೀವಿಯನ್ನು ಕೊಂದದ್ದು ಉಪ್ಪು ಅಲ್ಲ, ನಾವಿಬ್ಬರು. ನೀವು ಸುಮ್ಮನೆ ಕೂರಲು ಹೇಳಿದಿರಿ, ನಾನು ಕೂತೆ. ಇನ್ನು ನೀವು ಹೇಳಬೇಡಿ, ನಾನು ಕೂರುವುದಿಲ್ಲ."

ಆ ವರ್ಷದ ಹೊಸ ಅಕ್ಕಿ ಊಟಕ್ಕೆ ಎಲೆ ಹಾಕಿದಾಗ, "ಸೇಸು, ಉಪ್ಪು ಬಡಿಸು" ಎಂದು ಮಾವನೇ ಹೇಳಿದರು. ಅಮ್ಮ ಬಡಿಸಿದಳು. ಮಾವನ ಎಲೆಗೆ ಸ್ವಲ್ಪ ಹೆಚ್ಚೇ ಬಿತ್ತು.

ಅಲ್ಲಿಗೆ ಅವಳು ತೃಪ್ತಳಾಗಿ ಕೂರಲಿಲ್ಲ. ವಾಮದಪದವಿನಿಂದ ಪುತ್ತಿಗೆಯವರೆಗೆ ಯಾವ ಮನೆಯ ತುಂಬು ಬಸುರಿಗೆ ವಾಂತಿಯಾಯಿತೆಂದು ಕೇಳಿದರೂ, ಕರೆಯದೆ ಹೋಗಿ ರೆಪ್ಪೆ ಎಳೆದು ನೋಡುತ್ತಿದ್ದಳು. ಸಂಶಯ ಬಂದರೆ ಹಟ ಹಿಡಿದು ಆಸ್ಪತ್ರೆಗೆ ಹೊರಡಿಸುತ್ತಿದ್ದಳು. ಕೆಲವರು ನಾಯಿ ಬಿಟ್ಟರು. ಒಂದು ಮನೆಯಲ್ಲಿ ಅತ್ತೆ ಪೊರಕೆ ಎತ್ತಿದಾಗ ಅಮ್ಮ ಅದನ್ನು ಕಿತ್ತುಕೊಂಡು ಜಗಲಿ ಗುಡಿಸಿ, "ಈಗ ಹೊರಡುವ" ಎಂದಳಂತೆ.

೧೯೬೮ರಲ್ಲಿ ಹೀಗೊಬ್ಬಳನ್ನು ಕರೆದುಕೊಂಡು ಹೋದಾಗ ಡಾಕ್ಟರಮ್ಮ ನಕ್ಕರು. "ಸೇಸಮ್ಮ, ನೀವು ತಂದವರು ಇವಳು ಸೇರಿ ಹನ್ನೊಂದು ಜನ. ಒಬ್ಬಳಿಗೂ ಆ ರೋಗ ಇಲ್ಲ. ಅಪರೂಪದ್ದು ಎಂದು ಅಂದೇ ಹೇಳಿದ್ದೆನಲ್ಲ? ಯಾಕೆ ಎಲ್ಲರ ಕೈಯಲ್ಲಿ ಬೈಸಿಕೊಳ್ತೀರಿ?"

"ಒಬ್ಬಳಿಗೂ ಇಲ್ಲದಿದ್ದರೆ ಒಳ್ಳೆಯದೇ ಆಯಿತು" ಎಂದಳು ಅಮ್ಮ. "ನನ್ನ ರಾಜೀವಿ ಮಲಗಿದ್ದಾಗ ನಮ್ಮ ಬಾಗಿಲಿಗೆ ಇಂಥ ಹುಚ್ಚಿ ಒಬ್ಬಳೂ ಬರಲಿಲ್ಲ ಡಾಕ್ಟರಮ್ಮ."

ಹನ್ನೆರಡನೆಯವಳನ್ನು ಮರುವಾರವೇ ಕರೆದುಕೊಂಡು ಹೋದಳು.