ಎದುರು ಮನೆಯ ಕಾಕುವಿನ ಬಣ್ಣದ ತಾಟು

ದಸರೆಯ ದಿನಗಳಲ್ಲಿ ಅವರ ಬಲಗೈ ಹೆಬ್ಬೆರಳಿನ ಉಗುರು ದಿನಕ್ಕೊಂದು ಬಣ್ಣಕ್ಕೆ ತಿರುಗುತ್ತಿತ್ತು. ಬೀಟ್‌ರೂಟ್ ಹೆರೆದ ದಿನ ಕಡುಗೆಂಪು, ಅರಿಷಿಣ ಕಲಸಿದ ದಿನ ಹಳದಿ, ಪಾಲಕ್ ಅರೆದ ದಿನ ಹಸಿರು. ಎಷ್ಟು ತೊಳೆದರೂ ಉಗುರಿನ ಅಂಚಿನಲ್ಲಿ ಹಿಂದಿನ ದಿನದ್ದು ಒಂದಿಷ್ಟು ಉಳಿದೇ ಇರುತ್ತಿತ್ತು. ಆ ಬೆರಳಿನಿಂದಲೇ ನಮ್ಮ ಮನೆಯ ಬೆಲ್ ಒತ್ತಿ, ನಾನು ಬಾಗಿಲು ತೆಗೆಯುವ ಮೊದಲೇ ಹೊರಗಿನಿಂದ ಕೂಗುತ್ತಿದ್ದರು: "ಏನವಾ, ಇವತ್ತ ಹಸರು. ಸಂಜಿಗೆ ಬಾ. ಹಸದು ಬಾ."

ಹೈದರಾಬಾದಿನ ನಾರಾಯಣಗೂಡದ ಹಳೆಯ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲು ಅವರದು. ಇಡೀ ಕಟ್ಟಡಕ್ಕೆ ಅವರು ಕಾಕು, ಎಂದರೆ ಚಿಕ್ಕಮ್ಮ. ಅಜ್ಜನ ಕಾಲಕ್ಕೇ ಸುರಪುರದ ಕಡೆಯಿಂದ ಸರಕಾರಿ ನೌಕರಿಗೆಂದು ಬಂದ ಮನೆತನ. ಅವರೂ ಸರಕಾರಿ ಕಚೇರಿಯಲ್ಲೇ ದುಡಿದು ನಿವೃತ್ತರಾಗಿದ್ದರು. ಗಂಡ ತೀರಿಕೊಂಡಾಗ ಅವರಿಗಿನ್ನೂ ಎಳೆಯ ವಯಸ್ಸು. ಮಕ್ಕಳಿರಲಿಲ್ಲ. ಮನೆಯೊಳಗೆ ಕನ್ನಡ, ತರಕಾರಿಯವಳ ಜೊತೆ ತೆಲುಗು, ಆಟೋದವನ ಜೊತೆ ಹಿಂದಿ ಮಾತಾಡುತ್ತಿದ್ದರು. ಮೂರು ಭಾಷೆಯಲ್ಲೂ ಚೌಕಾಸಿ ಮಾತ್ರ ಒಂದೇ ದನಿಯಲ್ಲಿ ನಡೆಯುತ್ತಿತ್ತು.

ನನಗೆ ಹಬ್ಬದ ಉತ್ಸಾಹಿಗಳನ್ನು ಕಂಡರೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ನವರಾತ್ರಿ ಬಂತೆಂದರೆ ಅಬಿಡ್ಸ್‌ನ ನಮ್ಮ ಆಫೀಸಿನಲ್ಲಿ ಹೆಂಗಸರೆಲ್ಲ ದಿನಕ್ಕೊಂದು ಬಣ್ಣದ ಸೀರೆ ಉಟ್ಟು, ಮೆಟ್ಟಿಲ ಮೇಲೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಆ ಹೊತ್ತಿಗೆ ಸರಿಯಾಗಿ ಚಹಾ ಕುಡಿಯಲು ಎದ್ದು ಹೋಗುವವಳು. ಆದ್ದರಿಂದ ಈ ಮನೆಗೆ ಬಂದ ಮೊದಲ ದಸರೆಯಲ್ಲಿ ಕಾಕು ಬಂದು "ಇವತ್ತ ಹಳದಿ" ಎಂದಾಗ, ಇಲ್ಲಿಯೂ ಇದು ತಪ್ಪಲಿಲ್ಲವಲ್ಲ ಎಂದುಕೊಂಡೆ. "ಕಾಕು, ನನ್ನ ಹತ್ತಿರ ಹಳದಿ ಸೀರಿ ಇಲ್ರಿ" ಎಂದೆ, ಪಾರಾಗುವ ಆಸೆಯಿಂದ.

"ಸೀರಿ ಯಾರ ಕೇಳ್ಯಾರ?" ಎಂದರು. "ಬಣ್ಣ ತಾಟಿನ್ಯಾಗ ಇರತೈತಿ. ಮೈಮ್ಯಾಲ ಯಾವದರ ಇರಲಿ. ನೈಟಿ ಮ್ಯಾಲ ಬಂದ್ರೂ ನಡೀತೈತಿ."

ಹೋಗಿ ನೋಡಿದರೆ ಪಡಸಾಲೆಯ ನಡುವೆ ಸ್ಟೂಲಿನ ಮೇಲೆ ಒಂದು ಭಾರೀ ಸ್ಟೀಲಿನ ತಾಟು. ಮದುವೆ ಮನೆಯಲ್ಲಿ ಹಿಟ್ಟು ನಾದಲು ಬಳಸುತ್ತಾರಲ್ಲ, ಅಷ್ಟು ದೊಡ್ಡದು. ಅದರ ತುಂಬ ಬರೀ ಹಳದಿ. ಒಂದು ಕಡೆ ಢೋಕಳಾ, ಇನ್ನೊಂದು ಕಡೆ ಝುಣಕದ ವಡಿ, ಅಂಚಿನ ಸುತ್ತ ಬಾಳೆಹಣ್ಣಿನ ಬಿಲ್ಲೆ, ನಡುವಿನ ಬಟ್ಟಲಿನಲ್ಲಿ ನಿಂಬೆಹುಳಿ ಹಿಂಡಿದ ಕಡಲೆಬೇಳೆ ಕೋಸಂಬರಿ. ಕೊತ್ತಂಬರಿಯ ಒಂದು ಎಲೆ ಕೂಡ ಉದುರಿಸಿರಲಿಲ್ಲ. ಬೇರೆ ಬೇರೆ ತಟ್ಟೆ ಕೊಡುವ ಪದ್ಧತಿಯೇ ಅಲ್ಲಿಲ್ಲ. ಎಲ್ಲರೂ ತಾಟಿನ ಸುತ್ತ ನಿಂತು ಕೈಯಿಂದ ಎತ್ತಿ ತಿನ್ನಬೇಕು, ಮಾತಾಡಬೇಕು, ತಾಟು ಖಾಲಿಯಾದ ಮೇಲೆ ಮನೆಗೆ ಹೋಗಬೇಕು. ಹೊರಗೆ ಬೀದಿಯಲ್ಲಿ ಹೂವಿನ ರಾಶಿಯ ಸುತ್ತ ಬತುಕಮ್ಮ ಆಡುವ ಹೆಂಗಸರ ಚಪ್ಪಾಳೆ ಕೇಳಿಸುತ್ತಿರುವಾಗ ನಾವು ಒಳಗೆ ಬಣ್ಣ ತಿನ್ನುತ್ತಿದ್ದೆವು.

ತಾಟಿಗೆ ಒಂದು ಕಟ್ಟುನಿಟ್ಟಿನ ಕಾನೂನಿತ್ತು. ಬಣ್ಣ ಪದಾರ್ಥದ್ದೇ ಆಗಿರಬೇಕು, ಅಂಗಡಿಯ ಬಣ್ಣದ ಪುಡಿ ಹಾಕಿ ಬರಿಸಿದ್ದಾಗಬಾರದು. ಹಸಿರಿನ ದಿನ ಮೂರನೇ ಮಹಡಿಯ ಮೇಡಂ ಪ್ರೀತಿಯಿಂದ ಒಂದು ಡಬ್ಬಿ ಬರ್ಫಿ ತಂದರು. ಗಿಳಿ ಕೂಡ ನಾಚಬೇಕು, ಅಂಥ ಹಸಿರು. ಕಾಕು ಕನ್ನಡಕ ಏರಿಸಿ ನೋಡಿ, "ಇದು ಹಸರಲ್ರಿ, ಇದು ಪೇಂಟು" ಎಂದರು. ಆಮೇಲೆ ಮೇಡಂ ಮುಖ ಬಾಡಿದ್ದು ಕಂಡು, ಬರ್ಫಿಯನ್ನು ಬೇರೆ ತಟ್ಟೆಯಲ್ಲಿಟ್ಟು ತಾವೇ ಮೊದಲು ಎರಡು ತಿಂದರು. ಆದರೆ ತಾಟಿಗೆ ಮಾತ್ರ ಸೇರಿಸಲಿಲ್ಲ. ಅಲ್ಲಿ ಕೊತ್ತಂಬರಿ ವಡಿ, ಹಸಿ ಬಟಾಣಿ ಉಸಳಿ, ಉಪ್ಪು ಸವರಿದ ಪೇರಲಕಾಯಿ ಜಾಗ ಹಿಡಿದು ಕೂತಿದ್ದವು.

ಇನ್ನೊಂದು ಸಂಗತಿ ನನಗೆ ಎರಡನೆಯ ದಿನ ಗಮನಕ್ಕೆ ಬಂತು. ಯಾರಿಗೂ ಅರಿಷಿಣ ಕುಂಕುಮ ಕೊಡುತ್ತಿರಲಿಲ್ಲ, ಉಡಿ ತುಂಬುತ್ತಿರಲಿಲ್ಲ. ಗಂಡಸರೂ ಬರುತ್ತಿದ್ದರು, ವಾಚ್‌ಮನ್‌ನ ಹೆಂಡತಿಯೂ ಬರುತ್ತಿದ್ದಳು. ಯಾಕೆಂದು ಕೇಳಿದ್ದಕ್ಕೆ ಕಾಕು ಪೇರಲಕಾಯಿ ಹೆಚ್ಚುತ್ತಲೇ ಹೇಳಿದರು: "ನಮ್ಮನಿಯವರು ಹೋದ ಮ್ಯಾಲ ಕುಂಕುಮಕ್ಕ ನನ್ನ ಯಾರೂ ಕರೀಲಿಲ್ಲ. ಒಂದ ವರ್ಷ ಅತ್ತೆ, ಎರಡ ವರ್ಷ ಸಿಟ್ಟಾದೆ. ಆಮ್ಯಾಲ ನಾನ ಎಲ್ಲಾರನ್ನೂ ಕರದೆ. ತಾಟಿನ ಮುಂದ ಯಾರ ಹಣಿ ಯಾರೂ ನೋಡಂಗಿಲ್ಲ. ಎಲ್ಲಾರೂ ವಡಿ ನೋಡತಾರ."

ಅವರು ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಆ ವರ್ಷ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ಅವ್ವ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದಳು.

ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಬಾಗಲಕೋಟೆಯ ಬಾಡಿಗೆ ಮನೆ ಬಿಡಿಸಿ ಅವ್ವನನ್ನು ಕರೆದುಕೊಂಡು ಬಂದಿದ್ದೆ. ನಾನು ಒಬ್ಬಳೇ ಮಗಳು. ಇಲ್ಲಿಗೆ ಬಂದ ಮೇಲೆ ಅವ್ವನ ಬಾಯಲ್ಲಿ ಉಳಿದಿದ್ದು ಎರಡು ಮಾತು, "ಹೂಂ" ಮತ್ತು "ಬ್ಯಾಡ". ಒಂದು ಹೊತ್ತು ಉಣ್ಣುತ್ತಿದ್ದಳು, ಅದೂ ನನ್ನ ಕಾಟಕ್ಕೆ. ಬೆಲ್ ಆದರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದಳು. ಹಬ್ಬದ ದಿನ ಮುತ್ತೈದೆಯರ ಎದುರು ಬರಬಾರದು ಎಂದು ಅವಳ ಲೆಕ್ಕ. ದಸರೆಗೆ ಮುಂಚೆ ಒಂದು ದಿನ ಮಾತ್ರ ಪೂರ್ತಿ ವಾಕ್ಯ ಹೇಳಿದಳು: "ಮಗಳ ಮನಿಯಾಗ ಎಷ್ಟ ದಿನಾಂತ ಇರೂದು? ಹಬ್ಬ ಮುಗಿದ ಮ್ಯಾಲ ನನ್ನ ಎಲ್ಲೆರ ಮಠದಾಗ ಬಿಟ್ಟ ಬಾ." ಸುಮ್ಮನೆ ಬೇಸರಕ್ಕೆ ಆಡಿದ ಮಾತಲ್ಲ ಅದು. ಟ್ರಂಕಿನಲ್ಲಿ ಎರಡು ಸೀರೆ, ಒಂದು ಹೊದಿಕೆ ಮಡಿಸಿ ಇಟ್ಟಿದ್ದನ್ನು ನಾನು ನೋಡಿದ್ದೆ. ಅಪ್ಪನನ್ನು ಕಳೆದುಕೊಂಡ ವರ್ಷವೇ ಅವ್ವನನ್ನೂ ಕಳೆದುಕೊಳ್ಳುತ್ತೇನೆಂದು ನನಗೆ ವಿಪರೀತ ಭಯವಾಗಿತ್ತು.

ಕಾಕು ಮೊದಲ ದಿನ ಅವ್ವನನ್ನೂ ಕರೆದಿದ್ದರು. "ನಾ ಬರೂದು ಸರಿ ಅಲ್ರಿ ಬಾಯಾರ" ಎಂದು ಅವ್ವ ಬಾಗಿಲ ಹಿಂದಿನಿಂದಲೇ ಹೇಳಿದಳು. ಬಟ್ಟಲಲ್ಲಿ ಕಳಿಸಿದ ಢೋಕಳಾ ಹಾಗೇ ವಾಪಸು ಹೋಯಿತು. ಕಾಕು ಒತ್ತಾಯ ಮಾಡಲಿಲ್ಲ. ಮರುದಿನದಿಂದ ಕರೆಯಲೂ ಇಲ್ಲ, ಕಳಿಸಲೂ ಇಲ್ಲ. ಇಷ್ಟು ಬೇಗ ಕೈಬಿಟ್ಟರಲ್ಲ ಎಂದು ನನಗೆ ಒಳಗೊಳಗೇ ಸಿಟ್ಟು.

ಬೂದಿ ಬಣ್ಣದ ದಿನಕ್ಕೆ ಮುಂಚಿನ ಸಂಜೆ ಕಾಕು ನಮ್ಮ ಮನೆಗೆ ಬಂದು, ಅವ್ವನ ಕೋಣೆಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತು, ತಲೆ ಮೇಲೆ ಕೈ ಹೊತ್ತರು. ದನಿ ಮಾತ್ರ ಎಂದಿಗಿಂತ ದೊಡ್ಡದು.

"ನಾಳಿ ಬೂದಿ ಬಣ್ಣ ಐತಿ. ಬೂದಿ ಬಣ್ಣದ್ದು ಏನ ತಿಂತಾರವಾ ಮಂದಿ? ಕೋಠಿಯಿಂದ ಇಲ್ಲೀತನ ಎಲ್ಲಾ ಅಂಗಡಿ ನೋಡಿಕೋಂತ ಬಂದೆ. ಭಾಳ ತಲಿ ಕೆಟ್ಟೈತಿ."

"ಬೂದಗುಂಬಳಕಾಯಿ?" ಎಂದೆ.

"ಸಿಪ್ಪಿ ತಿಂತೀಯೇನ? ಒಳಗ ಬೆಳ್ಳಗ ಇರತೈತಿ."

"ಅಣಬೆ?"

"ಅಣಬಿ ನಮ್ಮನ್ಯಾಗ ನಡಿಯಂಗಿಲ್ಲ. ಈ ವರ್ಷ ನನ್ನ ತಾಟು ಖಾಲಿನ ಇರತೈತಿ ನೋಡು. ಎಲ್ಲಾರ ಮುಂದ ನನ್ನ ಮಾನ ಹೋಗತೈತಿ."

ಒಂದು ತಾಟಿಗೆ ಇಷ್ಟೊಂದು ಗೋಳೇ ಎಂದು ನಾನು ನಗುವುದರಲ್ಲಿದ್ದೆ. ಅಷ್ಟರಲ್ಲಿ ಕೋಣೆಯೊಳಗಿನಿಂದ ದನಿ ಬಂತು.

"ಸಜ್ಜಿ ರೊಟ್ಟಿ ಮಾಡ್ರಿ."

ಕಾಕು ತಿರುಗಿ ನೋಡಲಿಲ್ಲ. "ಏನಂದ್ರಿ ಅಕ್ಕಾರ? ಕೇಳಸಲಿಲ್ರಿ."

ಬಾಗಿಲು ಅರ್ಧ ತೆರೆಯಿತು. ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. "ಸಜ್ಜಿ ರೊಟ್ಟಿ. ಎಳ್ಳು ಹಚ್ಚಿ ತೆಳ್ಳಗ ಬಡದು ಖಡಕ್ ಮಾಡ್ರಿ. ಬೂದಿ ಬಣ್ಣನ ಇರತೈತಿ. ಗುರೆಳ್ಳ ಹಿಂಡಿ ಮಸರಿನ್ಯಾಗ ಕಲಸಿದ್ರ ಅದೂ ಹಂಗ ಆಗತೈತಿ."

"ಅಯ್ಯ, ನಾ ಹೈದರಾಬಾದಿನ್ಯಾಗ ಹುಟ್ಟಿ ಬೆಳದಾಕಿ ಅಕ್ಕಾರ. ನನಗ ಸಜ್ಜಿ ಬಡಿಯಾಕ ಎಲ್ಲಿ ಬರತೈತ್ರಿ? ಕೈಯಾಗ ಹರದ ಹೋಗತೈತಿ."

ಅವ್ವ ಹೊಸ್ತಿಲು ದಾಟಿ ಒಂದು ಹೆಜ್ಜೆ ಹೊರಗೆ ಬಂದಳು. ಆಮೇಲೆ "ನಾಳಿ ಮಧ್ಯಾಹ್ನ ಬಂದು ಬಡದ ಕೊಟ್ಟ ಬರತೀನಿ. ಮಂದಿ ಬರೂದರಾಗ ತಿರುಗಿ ಬಂದಬಿಡತೀನಿ" ಎಂದಳು.

ಮರುದಿನ ನಾನು ಆಫೀಸಿನಿಂದ ಬರುವ ಹೊತ್ತಿಗೆ ಅವ್ವ ಇನ್ನೂ ಎದುರು ಮನೆಯಲ್ಲೇ ಇದ್ದಳು. ಅವ್ವ ಹೊರಡುತ್ತೇನೆ ಎಂದಾಗಲೆಲ್ಲ ಕಾಕು "ಇನ್ನೊಂದೆರಡು ಬಡೀರಿ ಅಕ್ಕಾರ, ಕಡಿಮಿ ಬೀಳತಾವ" ಎಂದು ಹಿಟ್ಟು ಮುಂದೆ ಸರಿಸಿದ್ದಾರೆ. ಹಾಗೆ ಸರಿಸುತ್ತಾ ಸರಿಸುತ್ತಾ ಮಂದಿ ಬಂದೇಬಿಟ್ಟರು. ಅವ್ವನಿಗೆ ಓಡಿಹೋಗಲು ದಾರಿ ಇರಲಿಲ್ಲ. ಬಾಗಿಲಲ್ಲೇ ಮೂರನೇ ಮಹಡಿಯ ಮೇಡಂ ಹಣೆ ತುಂಬ ಕುಂಕುಮ ಇಟ್ಟುಕೊಂಡು ನಿಂತಿದ್ದರು. ಅಂಗೈಯಗಲದ ರೊಟ್ಟಿಗಳು ತಾಟಿನ ತುಂಬ, ನಡುವೆ ಮೊಸರಲ್ಲಿ ಕಲಸಿದ ಗುರೆಳ್ಳ ಚಟ್ನಿಪುಡಿ, ಒಂದು ಬದಿಗೆ ಎಳ್ಳುಂಡೆ. ನೋಡಲು ಅಷ್ಟೇನೂ ಚೆಂದವಿರಲಿಲ್ಲ, ನಿಜ ಹೇಳುತ್ತೇನೆ. ಆದರೆ ಒಂಬತ್ತು ದಿನಗಳಲ್ಲಿ ಎಲ್ಲಕ್ಕಿಂತ ಬೇಗ ಖಾಲಿಯಾದ ತಾಟು ಅದೇ.

"ಎಂತ ಬಾಗುಂದಂಡಿ! ನೇನು ಎಪ್ಪುಡೂ ತಿನಲೇದು" ಎಂದು ಮೇಡಂ ಅಗತ್ಯಕ್ಕಿಂತ ಜೋರಾಗಿ ಹೊಗಳಿದರು. ಸಜ್ಜೆ ಬೆಳೆಯುವ ಮೆಹಬೂಬನಗರದ ಕಡೆಯ ಹೆಣ್ಣುಮಗಳು ಸಜ್ಜೆ ರೊಟ್ಟಿ ಎಂದೂ ತಿಂದೇ ಇಲ್ಲವೇ ಎಂದು ನನಗೆ ವಿಚಿತ್ರ ಎನಿಸಿತು. ಅವರು ಹಿಟ್ಟು ಮೆತ್ತಿದ ಅವ್ವನ ಎರಡೂ ಕೈ ಹಿಡಿದು, ಕಲಿಸಿಕೊಡಿ ಎಂದು ತೆಲುಗಿನಲ್ಲಿ ಕೇಳಿದರು. ಅವ್ವನಿಗೆ ಮಾತು ತಿಳಿಯಲಿಲ್ಲ, ಕೈ ಬಿಡಿಸಿಕೊಳ್ಳಲೂ ಇಲ್ಲ. ಅಷ್ಟರಲ್ಲಿ ಯಾರೋ ಬರೀ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡರು. ಅವ್ವ ತಟಕ್ಕನೆ ಗದರಿಸಿದಳು: "ಹಂಗ ಒಣಾ ತಿನಬಾರದ್ರಿ! ಹಿಂಡಿ ಹಚಕೊಳ್ರಿ!"

ಬೈಗುಳದಂಥ ಆ ದನಿಯನ್ನು ನಾನು ಚಿಕ್ಕಂದಿನಿಂದ ಕೇಳಿ ಬೆಳೆದವಳು. ಅಪ್ಪ ಹೋದಂದಿನಿಂದ ಅದು ಕೇಳಿರಲಿಲ್ಲ. ನಾನು ಕಾಕುವಿನ ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ಮನಸಾರೆ ಅತ್ತೆ.

ಮರುದಿನದ ಬಣ್ಣ ಯಾವುದೆಂದು ಅವ್ವ ತಾನೇ ಕೇಳಿದಳು. ಮಠದ ಮಾತು ಇನ್ನೊಂದೆರಡು ಸಲ ಬಂದು, ಆಮೇಲೆ ನಿಂತಿತು. ಟ್ರಂಕಿನ ಸೀರೆ ಹೊರಗೆ ಬಂದವು. ಮುಂದಿನ ದಸರೆಗಳಲ್ಲಿ ತಾಟಿನ ಅರ್ಧ ಕಾರಭಾರ ಅವ್ವನದೇ ಆಯಿತು. ಬದನೆಕಾಯಿ ಭಜಿಯನ್ನು ನೇರಳೆ ಬಣ್ಣಕ್ಕೆ ಸೇರಿಸಬಹುದೇ, ಕರಿದ ಮೇಲೆ ಅದು ಕಂದಾಗುತ್ತದಲ್ಲ ಎಂದು ಇಬ್ಬರೂ ಒಂದು ಮಧ್ಯಾಹ್ನವಿಡೀ ಜಗಳವಾಡಿದ್ದುಂಟು.

ಹೋದ ಚಳಿಗಾಲದಲ್ಲಿ ಕಾಕು ಹಾಸಿಗೆ ಹಿಡಿದರು. ಅನ್ನ ಒಲ್ಲೆ ಎನ್ನುತ್ತಿದ್ದರು. ಏನು ಬೇಕು ಕಾಕು ಎಂದರೆ, "ಸಜ್ಜಿ ರೊಟ್ಟಿ, ಬೆಣ್ಣಿ" ಎಂದರು. "ನಮ್ಮವ್ವ ಸಂಕ್ರಮಣಕ್ಕ ಮಾಡತಿದ್ಲು. ಸಣ್ಣಾಕಿ ಇದ್ದಾಗಿಂದ ನಾನೂ ಬಡಿತಿದ್ದೆ. ನನ್ನಷ್ಟು ತೆಳ್ಳಗ ಮನಿಯಾಗ ಯಾರೂ ಬಡಿತಿದ್ದಿಲ್ಲ."

"ಮತ್ತ ಅವತ್ತು ಬರಂಗಿಲ್ಲ ಅಂದ್ರಿ?"

ಅವರು ಕಣ್ಣು ಮುಚ್ಚಿಕೊಂಡೇ ನಕ್ಕರು. "ಬೂದಿ ಬಣ್ಣಕ್ಕ ಪ್ರತಿ ವರ್ಷಾ ಅದನ್ನೇ ಮಾಡತಿದ್ದೆ. ಮೂರನೇ ಮಾಳಿಗಿ ಮೇಡಂಗ ಹೇಳಿಟ್ಟಿದ್ದೆ, ಬಾಯಿ ಬಿಡಬ್ಯಾಡ್ರಿ ಅಂತ. ಆಕಿ ಸ್ವಲ್ಪ ಜಾಸ್ತಿನ ನಾಟಕ ಮಾಡಿದ್ಲು. ನಿಮ್ಮವ್ವಗ ಹೇಳಬ್ಯಾಡವಾ, ಮನಸಿಗೆ ಹಚಕೋತಾರ."

ನಾನು ಹೇಳಲಿಲ್ಲ. ಕಾಕು ಕೆಲವೇ ದಿನಗಳಲ್ಲಿ ತೀರಿಕೊಂಡರು. ನನ್ನ ಅವ್ವ ಇವತ್ತು ನನ್ನ ಜೊತೆ ಇರುವುದು ಅವರಿಂದ. ಇದಕ್ಕೆ ಅವರಿಗೊಂದು ಧನ್ಯವಾದವನ್ನೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಿದ್ದರೆ ಬೈಯುತ್ತಿದ್ದರು. ಎಲ್ಲ ಕಾರ್ಯ ಮುಗಿದ ಮೇಲೆ ಒಂದು ದಿನ ಅವ್ವ ರೊಟ್ಟಿಗೆ ಎಸರಿಡುತ್ತಿದ್ದಾಗ ತಡೆಯಲಾರದೆ ಆ ಸಂಗತಿ ಹೇಳಿಬಿಟ್ಟೆ. ಅವ್ವ ಬೆಚ್ಚಿಬೀಳಲಿಲ್ಲ.

"ಗೊತ್ತಿತ್ತ ಬಿಡು" ಎಂದಳು. "ಸುರಪುರದ ಮನಿಯಾಕಿಗೆ ಸಜ್ಜಿ ಗೊತ್ತಿರಂಗಿಲ್ಲೇನ? ಅವತ್ತ ನಾ ಹೋಗೂದರಾಗ ಒಲಿ ಮ್ಯಾಲ ಎಸರ ಕುದಿಯಾಕತ್ತಿತ್ತು. ರೊಟ್ಟಿ ಬಡಿಯಾಕ ಬರದವರಾಗಿದ್ರ ತಣ್ಣೀರ ಹಾಕಿ ಕಲಸತಿದ್ರು."

"ಮೊದಲ ಗೊತ್ತಿತ್ತಂದ್ರ ಮತ್ತ್ಯಾಕ ಹೋದಿ?"

ಅವ್ವ ಕುದಿಯುವ ನೀರನ್ನು ಹಿಟ್ಟಿಗೆ ಸುರಿದು, ಕಟ್ಟಿಗೆಯ ಸೌಟಿನಿಂದ ಕೂಡಿಸುತ್ತ ಹೇಳಿದಳು:

"ನನ್ನ ಸಲುವಾಗಿ ಒಬ್ಬರು ಅಷ್ಟ ದೊಡ್ಡ ಸುಳ್ಳ ಹೇಳಾಕತ್ತಾರ ಅಂದ್ರ, ಒಳಗ ಹೆಂಗ ಕುಂದರಲವಾ?"