ಮನೆ ಗಿರಣಿಯ ಜಾಹೀರಾತಿಗೆ ಬಂದು ಹೋದವರು

ಸಣ್ಣತ್ತೆಯ ಮೊಬೈಲಿನ ಗಾಜಿನ ಮೇಲೆ ಯಾವಾಗಲೂ ಜೋಳದ ಹಿಟ್ಟಿನ ಗುರುತು ಇರುತ್ತಿತ್ತು. ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಫೋನು ಮುಟ್ಟುವ ರೂಢಿ ಅವರದು. ಆ ಚಳಿಗಾಲದಲ್ಲಿ ಬಿಳಿ ಬೆರಳಚ್ಚು ಗಾಜಿನ ಮೇಲ್ತುದಿಯಲ್ಲಿ, ಹೆಚ್ಚು ಕಡಿಮೆ ಒಂದೇ ಜಾಗದಲ್ಲಿ ಬೀಳತೊಡಗಿದ್ದನ್ನು ನಾನು ಗಮನಿಸಿದ್ದೆ. ಒಂದೆರಡು ಸಲ ಸೆರಗಿನಿಂದ ಒರೆಸಿಯೂ ಕೊಟ್ಟಿದ್ದೆ. ಯಾಕೆ ಅಲ್ಲೇ ಎಂದು ಕೇಳಿರಲಿಲ್ಲ.

ಸಣ್ಣತ್ತೆ ಎಂದರೆ ನನ್ನ ಯಜಮಾನರ ಕಾಕಾನ ಹೆಂಡತಿ. ಅಣ್ಣಿಗೇರಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿ ಈ ಮನೆಗೆ ಸೊಸೆಯಾಗಿ ಬಂದ ನನಗೆ ರೊಟ್ಟಿ ಬಡಿಯಲು ಕಲಿಸಿದವರು ಅವರೇ. ದುಂಡಗೆ ಬಾರದ ನನ್ನ ಮೊದಲ ರೊಟ್ಟಿಯನ್ನು ಬುಟ್ಟಿಯಿಂದ ಎತ್ತಿ ಹಿಡಿದು, "ಕಾನ್ವೆಂಟ್ ರೊಟ್ಟಿಗೆ ಮೂಲಿ ಭಾಳ ಇರತಾವ ನೋಡ್ರಿ" ಅಂದಿದ್ದರು. ಎಲ್ಲರೂ ನಕ್ಕಿದ್ದರು, ನಾನೂ ನಕ್ಕಿದ್ದೆ. ಅಂದಿನಿಂದ ಅವರ ಮನೆಯ ಪಾತ್ರೆ ನಮ್ಮಲ್ಲಿ, ನಮ್ಮ ಪಾತ್ರೆ ಅವರಲ್ಲಿ. ಯಾವುದು ಯಾರದು ಎಂದು ಯಾರೂ ಲೆಕ್ಕ ಇಟ್ಟಿರಲಿಲ್ಲ.

ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ಇಷ್ಟು ವರ್ಷ ಔಷಧದ ಚೀಟಿ ಓದಲು, ಮಕ್ಕಳ ಹೋಮ್‌ವರ್ಕ್ ನೋಡಲು ಉಪಯೋಗಕ್ಕೆ ಬಂದಿತ್ತು, ಅಷ್ಟೇ. ಹೋದ ದೀಪಾವಳಿಯ ಹೊತ್ತಿಗೆ ನಮ್ಮ ಹೆಣ್ಣುಮಕ್ಕಳ ಭಿಶಿಯಲ್ಲಿ ನನ್ನ ಪಾಳಿ ಬಂತು. ತಿಂಗಳಿಗೊಮ್ಮೆ ಎಲ್ಲರೂ ಹಾಕಿದ ದುಡ್ಡನ್ನು ಒಬ್ಬಳ ಕೈಗೆ ಕೊಡುವ ಪದ್ಧತಿ ನಮ್ಮದು. ಆ ದುಡ್ಡಿನಲ್ಲಿ ಬೆಳ್ಳಿ ತಟ್ಟೆ ತರಬೇಕೆಂದು ಇದ್ದವಳು ಮನಸ್ಸು ಬದಲಿಸಿದೆ. ಯಾರದೋ ಇಂಗ್ಲಿಷ್ ವಿಡಿಯೋಗಳನ್ನು ನೋಡಿ ನೋಡಿ ಅಫಿಲಿಯೇಟ್ ಮಾರ್ಕೆಟಿಂಗ್ ಮಾಡುವುದೆಂದು ನಿಶ್ಚಯಿಸಿದೆ.

ಯಜಮಾನರು ಕಾಳಿನ ಅಡತಿ ಅಂಗಡಿಯಲ್ಲಿ ಗುಮಾಸ್ತರು. ಸಂಜೆ ಬಂದಾಗ ಅವರ ಅಂಗಿಯ ಕಿಸೆಯಲ್ಲಿ ಕಡಲೆಯ ಹೊಟ್ಟು ಇದ್ದೇ ಇರುತ್ತದೆ. ನಾನು ಅರ್ಧ ಹೇಳುವುದರೊಳಗೆ ಅವರಿಗೆ ಪೂರ್ತಿ ತಿಳಿಯಿತು.

"ಅಂದ್ರ ದಲಾಲಿನ ಅಲ್ಲೇನು? ಮಾಲು ಯಾರದೋ, ತಗೊಳ್ಳಾಂವ ಯಾರೋ, ನಡುವ ನೀ."

"ಹೌದ್ರಿ. ಆದ್ರ ಮಂದೀನ ಕರಕೊಂಡ ಬರೂದಕ್ಕ ಜಾಹೀರಾತ ಹಾಕಬೇಕು. ಫೋನಿನ್ಯಾಗ ಹುಡುಕಿದಾಗ ನಂದು ಮ್ಯಾಲ ಬರತೈತಿ. ಯಾರರ ಅದನ್ನ ಒತ್ತಿ ಒಳಗ ಬಂದ್ರ ಅಷ್ಟ ರೊಕ್ಕ ಹೋಗತೈತಿ."

"ತಗೊಂಡ್ರೂ ತಗೊಳ್ಳದಿದ್ರೂ?"

"ಹೂಂರಿ."

ಅವರು ಮೀಸೆ ಸವರಿಕೊಂಡರು. "ಮಾಲು ನೋಡಾಕ ಬಂದವರಿಗೆಲ್ಲಾ ಚಾ ಕುಡಿಸಿದಂಗ ಆತು. ಮಾರಿದ್ರ ದಲಾಲಿ ನಿಂದು, ಮಾರಲಿಲ್ಲಂದ್ರ ಚಾದ ಖರ್ಚೂ ನಿಂದು. ನೋಡು. ಯುಗಾದಿ ತನಕಾ ನೋಡು."

ಯುಗಾದಿಯೊಳಗೆ ಒಂದಾದರೂ ಮಾರುತ್ತೇನೆ, ಇಲ್ಲವಾದರೆ ಮುಚ್ಚಿಬಿಡುತ್ತೇನೆ ಎಂದೆ. ಒಂದೇ ಒಂದು. ಅಷ್ಟಾದರೆ ನನಗೂ ಏನೋ ಮಾಡಲು ಬರುತ್ತದೆ ಎಂದು ನನಗೇ ತಿಳಿಯುತ್ತಿತ್ತು.

ಮಾಲು ಎಂದು ಆರಿಸಿಕೊಂಡಿದ್ದು ಮನೆಯಲ್ಲೇ ಹಿಟ್ಟು ಬೀಸುವ ಸಣ್ಣ ವಿದ್ಯುತ್ ಗಿರಣಿ. ಕಟ್ಟಿಗೆಯ ಪೆಟ್ಟಿಗೆಯಂಥದ್ದು, ಅಡುಗೆಮನೆಯ ಮೂಲೆಯಲ್ಲಿ ಇಡಬಹುದು. ಜೋಳದ ಚೀಲ ಹೊತ್ತು ಬಜಾರದ ಗಿರಣಿಗೆ ಹೋಗಿ ಪಾಳಿ ಹಚ್ಚುವ ಹೆಂಗಸರ ನಾಡಿನಲ್ಲಿ ಇದು ಯಾರಿಗೆ ಬೇಡ ಎನ್ನುವುದು ನನ್ನ ಲೆಕ್ಕ. ಅದರ ಬಗ್ಗೆ ಒಂದು ಪುಟ ಮಾಡಿ, ಕೊನೆಗೆ ಕಂಪನಿಯ ಅಂಗಡಿಗೆ ಹೋಗುವ ಲಿಂಕ್ ಇಟ್ಟೆ. ಮೊದಲ ದಿನ ತಡೆಯಲಾರದೆ ಸಣ್ಣತ್ತೆಯ ಮನೆಗೆ ಓಡಿ, ಅವರ ಫೋನಿನಲ್ಲಿ 'ಮನೆ ಗಿರಣಿ' ಎಂದು ಹೇಳಿ ಹುಡುಕಿಸಿದೆ. ಎಲ್ಲಕ್ಕಿಂತ ಮೇಲೆ ನಾನು ಬರೆದ ಸಾಲು ಬಂತು.

"ಇದು ನೀ ಬರದದ್ದೇನು?" ಅಂದರು ಅವರು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಓದಿದರು. "ಎಲ್ಲಾರಕಿಂತ ಮ್ಯಾಲ ಐತಲ್ಲವಾ. ಛಲೋ ಆತು, ಛಲೋ ಆತು."

ಜನ ಬರತೊಡಗಿದರು. ದಿನಾ ಬೆಳಿಗ್ಗೆ ಕೆಲಸ ಮುಗಿಸಿ ನೋಡುವಷ್ಟರಲ್ಲಿ ಹತ್ತಾರು ಮಂದಿ ಬಂದು ಹೋಗಿರುತ್ತಿದ್ದರು. ಕೊಂಡವರು ಮಾತ್ರ ಯಾರೂ ಇಲ್ಲ. ವಿಡಿಯೋದ ಮನುಷ್ಯ ಹೇಳುತ್ತಿದ್ದ: ಬಂದವರು ಕೊಳ್ಳುತ್ತಿಲ್ಲವೆಂದರೆ ಒಂದೋ ಬರಬಾರದವರು ಬರುತ್ತಿದ್ದಾರೆ, ಇಲ್ಲವೇ ಹೊರಗೆ ನೀವು ಹೇಳಿದ್ದೊಂದು, ಒಳಗೆ ತೋರಿಸುತ್ತಿರುವುದು ಇನ್ನೊಂದು. ನಾನು ಎರಡನ್ನೂ ಸರಿಮಾಡಲು ಕುಳಿತೆ. ಗಿರಣಿ ರಿಪೇರಿಯವರನ್ನು ಹುಡುಕುವವರಿಗೆ, ಹಳೆಯ ಗಿರಣಿ ಕೇಳುವವರಿಗೆ, ಗಿರಣಿಯಲ್ಲಿ ಕೆಲಸ ಹುಡುಕುವವರಿಗೆ ನನ್ನ ಜಾಹೀರಾತು ಕಾಣದಂತೆ ಮಾಡಿದೆ. ಬೆಲೆ ನೋಡಿ ಗಾಬರಿಯಾಗುವವರು ಹೊರಗಿನಿಂದಲೇ ಹೋಗಲಿ ಎಂದು ಬೆಲೆಯನ್ನು ಜಾಹೀರಾತಿನಲ್ಲೇ ಹಾಕಿದೆ. ಪುಟದ ಚಿತ್ರದಲ್ಲಿ ಇದ್ದದ್ದು ಗೋಧಿ, ನಮ್ಮವರು ನೋಡುವುದು ಜೋಳ. ನಮ್ಮ ಮನೆಯ ಬಿಳಿಜೋಳವನ್ನೇ ಮೊರದಲ್ಲಿ ಹರಡಿ, ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದು ಹಾಕಿದೆ. ಎಷ್ಟು ಸಪ್ಪಳ ಮಾಡುತ್ತದೆ, ಬೀಸಿದ ಮೇಲೆ ಹೇಗೆ ಸ್ವಚ್ಛ ಮಾಡಬೇಕು, ಕರೆಂಟು ಹೋದರೆ ಏನಾಗುತ್ತದೆ, ಎಲ್ಲ ಬರೆದೆ.

ಯಾವುದೂ ಕೆಲಸಕ್ಕೆ ಬರಲಿಲ್ಲ. ಬರುವವರು ಬರುತ್ತಲೇ ಇದ್ದರು. ಬಂದವರು ಬಹಳ ಹೊತ್ತು ಇರುತ್ತಲೂ ಇದ್ದರು. ಅದೇ ನನಗೆ ಮೋಸ ಮಾಡಿದ್ದು. ಇಷ್ಟು ಹೊತ್ತು ಕೂತು ಓದುವವರಿಗೆ ಮನಸ್ಸಿದೆ, ಯಾವುದೋ ಸಣ್ಣ ಅನುಮಾನ ತಡೆಯುತ್ತಿದೆ ಎಂದುಕೊಂಡೆ. ಎಲ್ಲಿಂದ ಬರುತ್ತಿದ್ದಾರೆ ಎಂದು ನೋಡಿದರೆ ಹೆಚ್ಚಿನವರು ಅಣ್ಣಿಗೇರಿಯವರು, ಸುತ್ತಲಿನವರು. ನನಗೆ ಕಣ್ಣಲ್ಲಿ ನೀರು ಬಂತು. ನಮ್ಮ ಕಡೆಯವರಿಗೇ ಇದು ಬೇಕಾಗಿದೆ ಎಂದು ಉಳಿದ ಊರುಗಳನ್ನೆಲ್ಲ ಬಿಟ್ಟು, ನಮ್ಮ ಜಿಲ್ಲೆಯೊಂದಕ್ಕೇ ಜಾಹೀರಾತು ತೋರುವಂತೆ ಮಾಡಿದೆ. ಮೇಲಿನ ಜಾಗ ತಪ್ಪದಿರಲಿ ಎಂದು ಪ್ರತಿ ಕ್ಲಿಕ್ಕಿಗೆ ಕೊಡುವ ದುಡ್ಡನ್ನೂ ಏರಿಸಿದೆ. ಬರುವವರು ಇನ್ನೂ ಹೆಚ್ಚಾದರು. ಭಿಶಿಯ ದುಡ್ಡು ಕರಗುತ್ತ ಬಂತು.

ಎಳ್ಳ ಅಮಾವಾಸ್ಯೆಯ ದಿನ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಶಲವಡಿ ದಾರಿಯ ನಮ್ಮ ಹೊಲಕ್ಕೆ ಹೋಗಿದ್ದೆವು. ಸಜ್ಜೆಯ ಕಡುಬು, ಎಣ್ಣೆಗಾಯಿ, ಗುರೆಳ್ಳು ಚಟ್ನಿ ಎಲ್ಲ ಬುತ್ತಿಯಲ್ಲಿತ್ತು. ಕಡಲೆ ಗಿಡಗಳ ನಡುವೆ ನಡೆದು ಬಂದದ್ದಕ್ಕೆ ಸೀರೆಯ ಅಂಚಿಗೆ ಹುಳಿ ಹತ್ತಿತ್ತು. ಗಂಡಸರು ಹೊಲ ಸುತ್ತಲು ಹೋದರು. ಬನ್ನಿ ಗಿಡದ ಕೆಳಗೆ ಸಣ್ಣತ್ತೆ ಊಟಕ್ಕೆ ಕೂಡದೆ, ಫೋನನ್ನು ಎತ್ತಿ ಹಿಡಿದು ಅತ್ತ ಇತ್ತ ತಿರುಗುತ್ತಿದ್ದರು.

"ಏನ್ ಹುಡುಕಾಕತ್ತೀರಿ ಸಣ್ಣತ್ತಿ?"

"ರೇಂಜ್ ಇಲ್ಲವಾ ಇಲ್ಲೆ. ಇವತ್ತ ನಿಂದು ಒತ್ತೂದು ತಪ್ಪತೈತಿ ನೋಡು."

"ನಂದು ಏನ್ರಿ?"

"ನಿನ್ನ ಗಿರಣಿ. ಮುಂಜಾನೆ ಕಡುಬು ಮಾಡೂ ಗದ್ಲದಾಗ ಮರತಬಿಟ್ಟೆ. ಇಲ್ಲೀತನಕಾ ಒಂದ ದಿನಾನೂ ತಪ್ಪಿಸಿದಾಕಿ ಅಲ್ಲ ನಾ."

ಬುತ್ತಿಯ ಗಂಟು ಬಿಚ್ಚುತ್ತಲೇ, "ನೀವು ಒಬ್ಬರ ಏನ್ರಿ?" ಎಂದೆ.

"ಒಬ್ಬಾಕಿನ ಯಾಕ? ನಮ್ಮ ಭಿಶಿಯವರೆಲ್ಲಾ ಒತ್ತತಾರ. ಮೂಲಿಮನಿ ಅಕ್ಕ ಅಂತೂ ತವರಿಗೆ ನವಲಗುಂದಕ್ಕ ಹೋದಾಗನೂ ಬಿಡಲಿಲ್ಲ, ತನ್ನ ತಂಗ್ಯಾರ ಕಡೆಯಿಂದನೂ ಒತ್ತಸ್ಯಾಳ. ನಾನ ಹೇಳೇನಿ ಎಲ್ಲಾರಿಗೂ. ಒತ್ತಿ ಹಂಗ ಓಡಿ ಬರಬ್ಯಾಡ್ರಿ, ಮಂದಿ ಮನಿಗೆ ಹೋಗಿ ಹೊಸ್ತಿಲದಾಗಿಂದ ತಿರುಗಿ ಬರತಾರೇನು, ಒಂದೀಟು ಹೊತ್ತ ಕುಂಡ್ರಿ ಅಂತ. ನಾ ಅಂತೂ ತೆರದು ದೇವರ ಜಗಲಿ ಮ್ಯಾಲ ಇಟ್ಟು ರೊಟ್ಟಿ ಬಡಿತೀನಿ."

ಅವರ ಮುಖ ನೋಡಿದೆ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನತ್ತ ಇಳಿದಿತ್ತು. ಒಂದು ಕಾಣಿಕೆಯನ್ನು ಗುಟ್ಟಾಗಿ ಕೊಟ್ಟು, ಈಗ ಬಾಯ್ತಪ್ಪಿ ಹೇಳಿದವರ ನಾಚಿಕೆ ಆ ಮುಖದಲ್ಲಿತ್ತು. ಹೊಸ ಅಂಗಡಿಯ ಪೂಜೆಗೆ ಕರೆದರೆ ಊರೆಲ್ಲ ಹೋಗಿ ಬರುತ್ತದೆ. ಕೊಳ್ಳುವುದು ಬಿಡುವುದು ಬೇರೆ, ಹೋಗದಿರುವುದು ಸಲ್ಲ. ಅವರು ಮಾಡಿದ್ದು ಅಷ್ಟೇ, ದಿನಾ ಮಾಡಿದ್ದರು.

"ಛಲೋ ಆತ್ರಿ" ಎಂದು ಕಡುಬು ಬಡಿಸಿದೆ. ಅಂದು ಉಂಡದ್ದರ ರುಚಿ ನೆನಪಿಲ್ಲ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಮೊದಲು ಜೋರಾಗಿ ನಕ್ಕರು. ನನ್ನನ್ನು ನೋಡಿ ನಿಲ್ಲಿಸಿದರು. "ಕಾಕೂನ ಮುಂದ ಹೇಳಬ್ಯಾಡ. ಮನಸಿಗೆ ಹಚ್ಚಗೋತಾಳ" ಎಂದರು.

ನನಗೂ ಹೇಳುವ ಧೈರ್ಯ ಇರಲಿಲ್ಲ. ಅಣ್ಣಿಗೇರಿ ಮತ್ತು ಸುತ್ತಲಿನ ಊರುಗಳಿಗೆ ಜಾಹೀರಾತು ಕಾಣದಂತೆ ಮಾಡಿ, ರಾಜ್ಯದ ಉಳಿದ ಭಾಗಕ್ಕೆಲ್ಲ ಮತ್ತೆ ತೆರೆದೆ. ಯಾರಿಗೂ ನೋವಾಗದೆ ಮುಗಿಯಿತು ಅಂದುಕೊಂಡೆ. ಮರುದಿನವೇ ಸಣ್ಣತ್ತೆ ಹಿಟ್ಟಿನ ಕೈಯಲ್ಲಿ ಹಿತ್ತಿಲ ಬಾಗಿಲಿನಿಂದ ಬಂದರು.

"ಯವ್ವಾ, ನಿಂದು ಕಾಣವಲ್ದಲ್ಲ! ಎಲ್ಲಾರ ಫೋನಿನ್ಯಾಗೂ ನೋಡಿದ್ವಿ. ಬ್ಯಾರೆ ಯಾರ್ಯಾರದೋ ಬರಾಕತ್ತೈತಿ. ಯಾರರ ಕಿತ್ತ ಹಾಕಿದ್ರೇನು?"

ಆಗಲೂ ಸುಳ್ಳು ಹೇಳಬಹುದಿತ್ತು. ಅವರ ಗಾಬರಿ ನೋಡಿ ಸುಳ್ಳು ಬರಲಿಲ್ಲ. ಸೋಮವಾರ ಭಿಶಿಯವರೆಲ್ಲ ಎಂದಿನಂತೆ ನಮ್ಮ ಮನೆಯಲ್ಲಿ ವಚನ ಓದಲು ಸೇರುವುದಿತ್ತು, ಅಂದೇ ಹೇಳುತ್ತೇನೆ ಎಂದೆ.

ಎಷ್ಟು ಮೆತ್ತಗೆ ಹೇಳಲು ಸಾಧ್ಯವೋ ಅಷ್ಟು ಮೆತ್ತಗೆ ಹೇಳಿದೆ. ಓದು ಮುಗಿದು ಚಹಾ ತಂದಿಟ್ಟ ಹೊತ್ತು. "ನೀವೆಲ್ಲಾ ನನಗ ಒಳ್ಳೇದಾಗಲಿ ಅಂತ ಮಾಡೀರಿ, ನನಗ ಗೊತ್ತೈತ್ರಿ. ಆದ್ರ ಒಬ್ಬೊಬ್ಬರು ಒತ್ತಿ ಒಳಗ ಬಂದಾಗೂ ನನ್ನ ರೊಕ್ಕ ಹೋಗತೈತಿ. ತಗೊಳ್ಳವರು ಬಂದ್ರಷ್ಟ ನನಗ ಲಾಭ."

ಮೂಲೆಮನೆಯ ಅಕ್ಕ ಕಪ್ಪನ್ನು ಬಸಿಯಲ್ಲಿಟ್ಟು, "ಅಂದ್ರ ನಾವು ಬರೂದು ನಿನಗ ಲುಕ್ಸಾನು" ಎಂದರು. ಸಿಟ್ಟಿಲ್ಲದ ದನಿ. ತಿಳಿದುಕೊಳ್ಳಲು ಕೇಳಿದ ಹಾಗಿತ್ತು.

"ಹಂಗಲ್ರಿ ಅಕ್ಕಾ, ಫೋನಿನ್ಯಾಗ..."

"ಗೊತ್ತಾತು ಬಿಡವಾ. ಕಲತಾಕಿ ನೀ, ಮೊದ್ಲ ಒಂದ ಮಾತ ಹೇಳಬೇಕಿತ್ತು. ನಾವರ ಏನ್ ಕಾನ್ವೆಂಟಿಗೆ ಹೋಗೇವೇನು?"

ಕೆಲವರು ನಕ್ಕರು. ಸಣ್ಣತ್ತೆ ನಗಲಿಲ್ಲ. ಅವರ ಚಹಾದ ಮೇಲೆ ಕೆನೆ ಕಟ್ಟಿ, ನೆರಿಗೆ ಬಿದ್ದು, ಹಾಗೇ ಆರಿತು. ಅವರು ಹೋದ ಮೇಲೆ ಆ ಕಪ್ಪನ್ನು ನಾನೇ ಚೆಲ್ಲಿದೆ.

ಆಮೇಲೆ ಪರದೆಯ ಮೇಲೆ ಸತ್ಯ ಕಾಣತೊಡಗಿತು. ದಿನಕ್ಕೆ ಇಬ್ಬರು, ಒಬ್ಬರು, ಕೆಲವು ದಿನ ಯಾರೂ ಇಲ್ಲ. ಬಂದವರು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತಿದ್ದರು. ನಾನು ಅಷ್ಟು ತಿದ್ದಿದ ಪುಟವನ್ನು ಇಷ್ಟು ದಿನ ಒಬ್ಬ ಗಿರಾಕಿಯೂ ಸರಿಯಾಗಿ ಓದಿರಲಿಲ್ಲ. ಯಾವ ತಿದ್ದುಪಡಿ ಸರಿ, ಯಾವುದು ತಪ್ಪು ಎಂದು ನನಗೆ ಹೇಳಬೇಕಾದ ಅಂಕಿಗಳೆಲ್ಲ ನಮ್ಮ ಓಣಿಯವರ ಅಂತಃಕರಣವಾಗಿದ್ದವು. ಮೊದಲಿನಿಂದ ಶುರು ಮಾಡಿದೆ. ಸಾಲು ಬದಲಿಸಿ ವಾರಗಟ್ಟಲೆ ಕಾದೆ, ಮತ್ತೆ ಬದಲಿಸಿದೆ. ಒಮ್ಮೆ ಯಾರೋ ನನ್ನ ಲಿಂಕ್ ದಾಟಿ ಕಂಪನಿಯ ಅಂಗಡಿಯವರೆಗೆ ಹೋದರು. ಆ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅವರು ಕೊಳ್ಳಲಿಲ್ಲ.

ಓಣಿಯಲ್ಲಿ ಯಾರೂ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಸುಲಭವಾಗುತ್ತಿತ್ತು. ಒಳಗೆ ಬರ್ರಿ ಎಂದರೆ, "ಬರೂದಕ್ಕ ನಿನಗೆಷ್ಟ ಬೀಳತೈತಿ, ಮೊದ್ಲ ಹೇಳವಾ" ಎಂದು ಕಟ್ಟೆಯ ಮೇಲೇ ನಿಂತು ನಗುವರು. ನಾನೂ ನಗಬೇಕು. ಸೋಮವಾರದ ಓದು ಮೂಲೆಮನೆಗೆ ಹೋಯಿತು, ಅಲ್ಲಿ ಜಾಗ ದೊಡ್ಡದು ಎಂದರು. ಹಿತ್ತಿಲ ಬಾಗಿಲನ್ನು ನಾನು ಚಿಲಕ ಹಾಕದೆ ಬಿಡುತ್ತಿದ್ದೆ. ಅದರ ಮೂಲಕ ಬೆಕ್ಕು ಬರುತ್ತಿತ್ತು.

ಯುಗಾದಿಯ ಹಿಂದಿನ ವಾರ ಅಣ್ಣಿಗೇರಿಗೆ ಜಾಹೀರಾತು ಮತ್ತೆ ಕಾಣುವಂತೆ ಮಾಡಿದೆ. ಯಜಮಾನರು ಯಾಕೆಂದು ಕೇಳಿದ್ದಕ್ಕೆ, ಇಲ್ಲಿಯೂ ಯಾರಾದರೂ ತಗೊಳ್ಳಬಹುದು ಎಂದೆ. ಹಬ್ಬದ ಹಿಂದಿನ ದಿನ ಬೆಳಿಗ್ಗೆ, ರೊಟ್ಟಿಯ ಹೊತ್ತಿಗೆ, ಅಣ್ಣಿಗೇರಿಯಿಂದ ಒಬ್ಬರು ಬಂದರು. ಬಂದವರು ಹೋಗಲಿಲ್ಲ, ಬಹಳ ಹೊತ್ತು ಇದ್ದರು. ನಡುವಿನ ಗೋಡೆಗೆ ಕಿವಿಗೊಟ್ಟೆ. ಆ ಕಡೆ ರೊಟ್ಟಿ ಬಡಿಯುವ ಸಪ್ಪಳ ಒಂದೇ ಸಮ ಕೇಳುತ್ತಿತ್ತು. ಗಿರಣಿ ಮಾರಾಟವಾಗಲಿ ಎಂದು ಆ ಹೊತ್ತಿನಲ್ಲಿ ನನಗೆ ಅನ್ನಿಸಲೇ ಇಲ್ಲ.

ಹಬ್ಬದ ದಿನ ಸಣ್ಣ ವಾಟಿಬಟ್ಟಲಿನಲ್ಲಿ ಬೇವು-ಬೆಲ್ಲ ಹಾಕಿಕೊಂಡು ಅವರ ಮನೆ ಬಾಗಿಲಿಗೆ ಹೋದೆ. ಅವರು ಹೊಸ್ತಿಲಲ್ಲೇ ಇದ್ದರು.

"ನಿನ್ನೆ ಬಂದಿದ್ರೇನ್ರಿ ಸಣ್ಣತ್ತಿ?"

"ಎಲ್ಲಿಗೆ?"

"ನನ್ನ ಗಿರಣಿ ಕಡೆ."

"ಇಲ್ಲವಾ. ಬಿಟ್ಟಬಿಟ್ಟೇನಿ ನಾ ಅದನ್ನ. ಸುಮ್ಮನ ಯಾಕ ನಿನಗ ಖರ್ಚು."

ಮಧ್ಯಾಹ್ನ ಜಾಹೀರಾತು ನಿಲ್ಲಿಸಿದೆ. ನಿಜವಾಗಿಯೂ ನಿಲ್ಲಿಸಬೇಕೇ ಎಂದು ಫೋನು ಒಮ್ಮೆ ಕೇಳಿತು, ಹೌದು ಎಂದು ಒತ್ತಿದೆ. ಒಂದೂ ಮಾರಾಟವಾಗಿರಲಿಲ್ಲ. ಯಜಮಾನರು ಪಕ್ಕದಲ್ಲಿ ಕೂತು ಅಂಗಿಯ ಕಿಸೆಯ ಹೊಟ್ಟನ್ನು ಕೊಡವಿಕೊಂಡರು.

ಸಂಜೆ ಸಣ್ಣತ್ತೆ ವಾಟಿ ತಿರುಗಿ ಕೊಡಲು ಬಂದರು, ಮುಂಬಾಗಿಲಿನಿಂದ. ಬೆಳಗಿ, ಒರೆಸಿ ತಂದಿದ್ದರು. ನನ್ನ ಕೈಗಿಟ್ಟು, ಒಳಗೆ ದನ ಕಟ್ಟಬೇಕು ಎಂದು ಹೊರಟುಹೋದರು. ವಾಟಿಯ ತಳದಲ್ಲಿ ಒಂದು ಚಿಟಿಕೆ ಸಕ್ಕರೆ ಇತ್ತು. ಹೊರಗಿನವರ ಪಾತ್ರೆಯನ್ನು ಖಾಲಿ ಕೊಡಬಾರದೆಂದು ಹಾಗೆ ಹಾಕಿ ಕೊಡುವುದು ನಮ್ಮಲ್ಲಿ ರೂಢಿ. ಇಷ್ಟು ವರ್ಷ ಆ ಮನೆಯಿಂದ ನಮ್ಮ ಪಾತ್ರೆಗಳು ಖಾಲಿಯೇ ಬಂದಿದ್ದವು.