ರೂತಮ್ಮನ ಕಿಟಕಿ

ಕಳೆದ ಭಾನುವಾರ ಸಂಜೆ ನಾನು ಪಕ್ಕದ ಮನೆಯ ಹಬ್ಬಕ್ಕೆ ಹೋದದ್ದು ನೀರು ತುಂಬಿದ ಬಕೆಟ್ ಹಿಡಿದುಕೊಂಡು.

“ರೀ, ಹಬ್ಬಕ್ಕೆ ಕರೆದಿರೋದು. ಬೆಂಕಿ ಆರಿಸೋಕಲ್ಲ!” ಎಂದಳು ಹೆಂಡತಿ.

ನಗಬೇಡಿ. ಕಿಟಕಿಯಲ್ಲಿ ಒಂಬತ್ತು ಮೇಣದಬತ್ತಿ, ಪಕ್ಕದಲ್ಲೇ ಪರದೆ. ಇದನ್ನು ಕೇಳಿದ ಮೇಲೂ ನೆಮ್ಮದಿಯಾಗಿ ಟೀ ಕುಡಿಯುವವರು ಪುಣ್ಯವಂತರು.

ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಇರುವುದು ರೂತ್ ಅವರ ಮನೆ. ಎಪ್ಪತ್ತೈದು ದಾಟಿದ ಯಹೂದಿ ಹೆಂಗಸು, ಒಂಟಿ. ನಮ್ಮ ಬಾಯಲ್ಲಿ ರೂತಮ್ಮ. ಹಬ್ಬದ ಹೆಸರು ಹನುಕ್ಕಾ. ಹಿಂದೆ ಯಹೂದಿಗಳು ಶತ್ರುಗಳಿಂದ ತಮ್ಮ ದೇವಾಲಯವನ್ನು ಮರಳಿ ಪಡೆದಾಗ ದೀಪಕ್ಕೆ ಉಳಿದಿದ್ದ ಶುದ್ಧ ಎಣ್ಣೆ ಒಂದೇ ದಿನಕ್ಕೆ ಸಾಲುವಷ್ಟು. ಅದು ಎಂಟು ದಿನ ಉರಿಯಿತಂತೆ. (ನಾನು ಅಲ್ಲಿದ್ದಿದ್ದರೆ ಒಂಬತ್ತನೆಯ ದಿನದ ಚಿಂತೆಯಲ್ಲೇ ಎಂಟೂ ದಿನ ಕಳೆಯುತ್ತಿದ್ದೆ.) ಹಾಗಾಗಿ ದಿನಕ್ಕೊಂದು ಹೆಚ್ಚಿಸುತ್ತಾ ಎಂಟು ದೀಪ, ಅವನ್ನು ಹಚ್ಚಲು ಇನ್ನೊಂದು. ಆ ಪವಾಡ ಬೀದಿಗೆಲ್ಲ ಕಾಣಲೆಂದು ಕಿಟಕಿಯಲ್ಲಿಡುವುದು ಪದ್ಧತಿ.

ರೂತಮ್ಮ ಮಾತ್ರ ಹನ್ನೆರಡು ವರ್ಷದಿಂದ ಪರದೆ ಎಳೆದೇ ಹಚ್ಚುತ್ತಿದ್ದರು. ಒಮ್ಮೆ ಯಾರೋ ಅದೇ ಕಿಟಕಿಗೆ ಕಲ್ಲೆಸೆದಿದ್ದರು. ಈ ಸಲವೂ ಏಳು ಸಂಜೆ ಹಾಗೆಯೇ ಕಳೆದವು. ಎಂಟನೆಯ ದಿನ ನನ್ನನ್ನು ಕರೆದರು.

“ಇವತ್ತು ಪರದೆ ತೆರೀತೀನಿ. ಜೊತೆಗಿರು.”

“ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ ರೂತ್?”

“ದೀಪಾವಳಿಗೆ ನೀವು ಬಾಗಿಲಲ್ಲಿ ಸಾಲುದೀಪ ಇಟ್ರಲ್ಲ, ಯಾರಾದ್ರೂ ಏನಾದ್ರೂ ಅಂದ್ರಾ?”

ಅಯ್ಯೋ! ಕಲ್ಲು ಬಿದ್ದರೆ ಹೊಣೆ ಈಗ ನನ್ನದು!

ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ರೂತಮ್ಮ ಸಣ್ಣ ದನಿಯಲ್ಲಿ ಪ್ರಾರ್ಥನೆ ಹೇಳಿ ಒಂದೊಂದೇ ಹಚ್ಚತೊಡಗಿದರು. ಕೊನೆಯ ಬತ್ತಿ ಹೊತ್ತಿಕೊಳ್ಳಲೊಲ್ಲದು. ನಮ್ಮ ಮನೆಯ ಅಭ್ಯಾಸ ನೋಡಿ, ಪಕ್ಕದಲ್ಲಿ ಉರಿಯುತ್ತಿದ್ದ ದೀಪವನ್ನೇ ಎತ್ತಿ ಅದಕ್ಕೆ ತಾಗಿಸಲು ಹೋದೆ.

ಫಟ್! ಕೈಮೇಲೆ ಏಟು.

“ಅದರಿಂದಲ್ಲ! ಹಚ್ಚೋದು ಈ ಒಂಬತ್ತನೇ ಬತ್ತಿ ಕೆಲಸ, ಇದು ಆಳು. ಆ ಎಂಟರಿಂದ ಏನೂ ಕೆಲಸ ತಗೋಬಾರದು. ಬರೀ ನೋಡ್ಬೇಕು.”

ಎಂಥ ಪದ್ಧತಿ! ಆ ಬೆಳಕಿನಲ್ಲಿ ಓದುವಂತಿಲ್ಲ, ಹೊಲಿಯುವಂತಿಲ್ಲ, ಸುಮ್ಮನೆ ನೋಡಿ ಖುಷಿಪಡಬೇಕು. (ಮನೆಯಲ್ಲಿ ಯಾವ ಕೆಲಸಕ್ಕೂ ಬಾರದವನೆಂದು ಹೆಸರಾದ ನನಗೆ ಇದಕ್ಕಿಂತ ಸಮಾಧಾನ ಬೇಕೆ?)

ರೂತಮ್ಮ ಪರದೆ ಸರಿಸಿದರು. ಕಿಟಕಿ ತುಂಬ ಬೆಳಕು. ನಾನು ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡೆ.

ಎದುರಿನ ಫುಟ್‌ಪಾತಿನಲ್ಲಿ ನಾಯಿ ಹಿಡಿದು ಹೋಗುತ್ತಿದ್ದ ದಡೂತಿ ಮನುಷ್ಯನೊಬ್ಬ ನಿಂತ. ದಿಟ್ಟಿಸಿದ. ರಸ್ತೆ ದಾಟಿ ಬಂದು ಗಾಜು ತಟ್ಟಿದ! ನಾನು ರೂತಮ್ಮನಿಗೆ ಅಡ್ಡ ನಿಂತೆ (ಎಂದು ಬರೆಯಲು ಆಸೆ. ನಿಜಕ್ಕೂ ಸೋಫಾದ ಹಿಂದಕ್ಕೆ ಸರಿದೆ).

“ಭಾಳ ಚೆನ್ನಾಗಿದೆ, ಲವ್! ಕ್ರಿಸ್ಮಸ್ ಬೇಗ ಬಂತಾ?” (ಗಾಬರಿ ಬೇಡ, ಈ ಊರಲ್ಲಿ ಎಲ್ಲರೂ ಎಲ್ಲರನ್ನೂ ಕರೆಯುವುದೇ ‘ಲವ್’ ಎಂದು.)

ರೂತಮ್ಮ ಹೋಗಿ ಮುಂಬಾಗಿಲು ತೆರೆದೇಬಿಟ್ಟರು. “ಕ್ರಿಸ್ಮಸ್ ಅಲ್ಲಪ್ಪಾ, ಹನುಕ್ಕಾ! ನಾನು ಯಹೂದಿ!” ಇಡೀ ಬೀದಿಗೆ ಕೇಳುವ ಹಾಗೆ. “ಬಾ ಒಳಗೆ, ಡೋನಟ್ ಇದೆ. ನಾಯೀನೂ ಬರಲಿ.”

ಬಂದ. ಮೂರು ತಿಂದ. (ನಾನು ನಾಲ್ಕು.) ರೂತಮ್ಮನ ಮುಖ ನೀವು ನೋಡಬೇಕಿತ್ತು!

ಕುಣಿಯುವಷ್ಟು ಖುಷಿಯಲ್ಲಿ ಮನೆಗೆ ಬಂದು ಮೆಟ್ಟಿಲು ಹತ್ತಿದೆ. ಮೇಲೆ, ಬಾಯ್ಲರ್ ಪಕ್ಕದ ಬೀರುವಿನಲ್ಲಿ ನಮ್ಮ ದೇವರ ಮನೆ. ಆಫೀಸಿನವರು ಊಟಕ್ಕೆ ಬಂದರೆ ಓಡಿಹೋಗಿ ಅದರ ಬಾಗಿಲು ಹಾಕಿ, ‘ಅಲ್ಲೇನಿಲ್ಲ, ಟವೆಲ್ಲು’ ಎನ್ನುವವನು ನಾನೇ.

ಇನ್ನು ಯಾವ ಮುಖ ಇಟ್ಟುಕೊಂಡು ಆ ಬಾಗಿಲು ಹಾಕಲಿ, ಹೇಳಿ?